ನಮ್ಮ ಚಪ್ಪರ, ಕೊನೆಮನೆಯ ಕಾರು

ಹುಣಸೂರಿನಲ್ಲಿ ನಮ್ಮ ಮನೆಯಿರುವ ಬೀದಿಗೆ ಒಂದೇ ಬಾಯಿ. ಮುಖ್ಯರಸ್ತೆಯಿಂದ ಒಳಗೆ ತಿರುಗಿದರೆ ಎರಡೂ ಬದಿ ಮನೆಗಳು, ತುದಿಯಲ್ಲಿ ಹಳೆಯ ಹೊಗೆಸೊಪ್ಪಿನ ಗೋದಾಮಿನ ಗೋಡೆ. ಆ ಗೋಡೆಗೆ ಆತುಕೊಂಡಿರುವ ಮನೆಯನ್ನು ಬೀದಿಯವರೆಲ್ಲ ಕೊನೆಮನೆ ಎನ್ನುತ್ತಾರೆ. ನಮ್ಮದು ಬೀದಿಯ ನಡುವಿನಲ್ಲಿದೆ. ಕೊನೆಮನೆಯಿಂದ ಯಾವ ಗಾಡಿ ಹೊರಗೆ ಹೋಗಬೇಕಾದರೂ ನಮ್ಮ ಬಾಗಿಲ ಮುಂದೆಯೇ ಹೋಗಬೇಕು.

ಕೊನೆಮನೆಯ ಯಜಮಾನರನ್ನು ನನ್ನ ಅವ್ವ ಅಣ್ಣ ಎನ್ನುತ್ತಾಳೆ. ರಕ್ತಸಂಬಂಧವೇನಿಲ್ಲ. ಅವ್ವ ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಯಾವತ್ತೋ ಹಾಗೆ ಕರೆದಳು, ಅದೇ ಉಳಿಯಿತು. ಆ ಲೆಕ್ಕದಲ್ಲಿ ಅವರು ನನಗೂ ನನ್ನ ತಮ್ಮನಿಗೂ ಮಾವ, ಅವರ ಹೆಂಡತಿ ಅತ್ತೆ. ಮಾವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ತಿರುಗಿ ತಿರುಗಿಯೇ ನಿವೃತ್ತರಾದರು. ಸುಗ್ಗಿಯಲ್ಲಿ ಕೋಟೆಯ ಕಡೆ ರೈತರು ಟಾರು ರಸ್ತೆಯ ಮೇಲೆಯೇ ಹುರುಳಿ ಹರಡಿಬಿಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸಿಕೊಡುತ್ತದೆ. "ನಮ್ ಬಸ್ಸು ತುಳಿದಷ್ಟು ಹುರುಳಿಯ ಯಾವ ಜೋಡೆತ್ತೂ ತುಳಿದಿಲ್ಲ ಕಣವ್ವ" ಎಂದು ಮಾವ ನಗುತ್ತಿದ್ದರು. ರಸ್ತೆಯಿಂದ ಎತ್ತಿ ಎಂದು ರೈತರಿಗೆ ಹೇಳಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಎಂಗೆ ಯೋಳದು? ನಮ್ಮೋರಲ್ವಾ" ಎಂದಿದ್ದರು.

ಕೆಲವು ವರ್ಷಗಳಿಂದ ಅವರ ಎರಡೂ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮೈಸೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಅತ್ತೆ ಅದನ್ನು ರಕ್ತ ಸೋಸುವುದು ಎನ್ನುತ್ತಾರೆ. ಆ ಎರಡು ದಿನ ಬೆಳಕು ಹರಿಯುವ ಮೊದಲೇ ಗೊತ್ತಿನ ಒಬ್ಬ ಡ್ರೈವರು ಬಿಳಿ ಓಮ್ನಿ ತಂದು ಕೊನೆಮನೆಯ ಮೆಟ್ಟಿಲಿಗೇ ಹಿಂಬದಿ ಮಾಡಿ ನಿಲ್ಲಿಸುತ್ತಾನೆ. ಮಾವನಿಗೆ ನಡೆಯಲು ಆಗುವುದೇ ಇಲ್ಲ ಎಂದಲ್ಲ. ಹೋಗುವಾಗ ಹೇಗೋ ಹೆಜ್ಜೆ ಹಾಕಿಯಾರು, ಬರುವಾಗ ತಲೆ ಸುತ್ತುತ್ತದೆ. ಹಿಂದೊಮ್ಮೆ ಮುಖ್ಯರಸ್ತೆಯಲ್ಲಿ ಇಳಿದು ನಡೆದು ಬರುತ್ತಾ ಚರಂಡಿಯ ಪಕ್ಕ ಬಿದ್ದಿದ್ದರು. ಆಮೇಲೆ ಕಾರು ಬಾಗಿಲಿಗೇ ಬರುತ್ತದೆ. ಓಮ್ನಿಯ ಸದ್ದಿಗೆ ಏಳುವುದು ನಮ್ಮವ್ವನಿಗೆ ಅಭ್ಯಾಸವಾಗಿದೆ.

ನನ್ನ ತಮ್ಮನ ಮಗಳಿಗೆ ಗಂಡು ಗೊತ್ತಾದದ್ದು ಪಿರಿಯಾಪಟ್ಟಣದ ಕಡೆ. ಮದುವೆ ಶನಿವಾರ, ಭಾನುವಾರ, ಕಲ್ಯಾಣಮಂಟಪದಲ್ಲಿ. ಆದರೆ ಚಪ್ಪರ ಮಾತ್ರ ಮನೆಯ ಮುಂದೆಯೇ ಆಗಬೇಕು, ಶುಕ್ರವಾರ. ಅವ್ವನ ಈ ಮಾತಿಗೆ ಯಾರೂ ಎದುರಾಡಲಿಲ್ಲ. ಅವಳ ಮಕ್ಕಳ ಮದುವೆಗಳೆಲ್ಲ ಆ ಬಾಗಿಲ ಮುಂದಿನ ಚಪ್ಪರದಲ್ಲೇ ನಡೆದಿದ್ದವು.

ನಾನು ಮೈಸೂರಿನ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಈ ನಾಲ್ಕು ತಾಲ್ಲೂಕುಗಳ ವರದಿ ಮಾಡುತ್ತಿದ್ದೆ. ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದಾರೆ ಎಂದು ಎಷ್ಟೋ ಜನ ಕಚೇರಿಗೆ ಫೋನು ಮಾಡುತ್ತಿದ್ದರು. ಪ್ರತಿಯೊಬ್ಬರ ಕೊನೆಯ ಮಾತು ಒಂದೇ: ನನ್ನ ಹೆಸರು ಬರೆಯಬೇಡಿ, ಅವರು ಬೇಕಾದವರು. ಆ ನೆನಪಿನಲ್ಲೇ ಇರಬೇಕು, ಚಪ್ಪರದ ಮಾತು ಬಂದಾಗ ನಾನು ಕೇಳಿದೆ:

"ಬೀದಿಯವರನ್ನ ಒಂದು ಮಾತು ಕೇಳಿದ್ರಾ?"

ಅವ್ವ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ತೊಡೆಯ ಮೇಲಿಟ್ಟು ನನ್ನನ್ನು ನೋಡಿದಳು. "ಕೇಳದಾ? ಏನಂತ ಕೇಳ್ಲಿ? ನಮ್ಮನೆ ಮದ್ವೆಗೆ ಚಪ್ರ ಆಕ್ಲಾ ಅಂತ ಅಣ್ಣನ ಮನೆಗೋಗಿ ಕೇಳ್ಲಾ? ಉಗೀತಾನೆ ಅಷ್ಟೆ. ನಾನೇನು ಪರಕೀಯನಾ ಅಂತಾನೆ."

"ಅಕ್ಕನ್ನ ನಗರಸಭೆಗೆ ಕಳಿಸವ್ವ, ಪರ್ಮಿಶನ್ ತಕ್ಕಬತ್ತಾಳೆ" ಎಂದು ತಮ್ಮ ಚುಡಾಯಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತು.

ಅವ್ವ ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಅನುಮತಿ ಕೇಳುವುದು ಹೊರಗಿನವರನ್ನು. ಹತ್ತಿರದವರನ್ನು ಕೇಳಿದರೆ ಅವರನ್ನು ದೂರ ಇಟ್ಟ ಹಾಗೆ. ಅವ್ವ ಊರಲ್ಲಿಲ್ಲದಾಗ ಕೊನೆಮನೆ ಅತ್ತೆ ನಮ್ಮ ಅಡುಗೆಮನೆಗೆ ಬಂದು ಡಬ್ಬ ತೆಗೆದು ಖಾರದಪುಡಿ ತೆಗೆದುಕೊಂಡು ಹೋಗುತ್ತಾರೆ, ಆಮೇಲೆ ಹೇಳುವುದೂ ಇಲ್ಲ. ಅವ್ವನಿಗೆ ಅದು ಹೆಮ್ಮೆ.

ಗುರುವಾರ ಸಂಜೆಯೇ ಶಾಮಿಯಾನದವರು ಬಂದು ಈ ಚರಂಡಿಯಿಂದ ಆ ಚರಂಡಿಯವರೆಗೆ ಬಟ್ಟೆ ಕಟ್ಟಿದರು. ಕೆಳಗೆ ಬೆಂಚು, ಕುರ್ಚಿ. ಗೋದಾಮಿನ ಕಡೆಯ ತುದಿಯಲ್ಲಿ ಅಡುಗೆಯವರ ಒಲೆ, ಮುಖ್ಯರಸ್ತೆಯ ಕಡೆ ಪ್ಲಾಸ್ಟಿಕ್ ಹೂವಿನ ಕಮಾನು. ತಮ್ಮನ ಗೆಳೆಯರು ಹೊಂಗೆ, ನೇರಳೆ ಸೊಪ್ಪು ತಂದು ಬಟ್ಟೆಯ ಅಂಚಿಗೆಲ್ಲ ಸಿಕ್ಕಿಸಿದರು.

ಶುಕ್ರವಾರ ಬೆಳಿಗ್ಗೆ ಹಾಲುಗಂಬ. ಹುಡುಗಿಯ ಸೋದರಮಾವ ಅತ್ತಿಮರದ ಹಸಿ ಕೊಂಬೆಯೊಂದನ್ನು ಕಡಿದು ತಂದು, ಅರಿಶಿನ ಹಚ್ಚಿ, ಹಾಲು ತುಪ್ಪ ಬಿಟ್ಟು ಚಪ್ಪರದಲ್ಲಿ ನೆಡಬೇಕು. ಮದುವೆ ಮುಗಿಯುವವರೆಗೆ ಅದನ್ನು ಅಲುಗಿಸುವ ಹಾಗಿಲ್ಲ. ತಮ್ಮನ ಹೆಂಡತಿಯ ಅಣ್ಣ ಗಾವಡಗೆರೆಯವರು. ದೊಡ್ಡ ಗಂಟಲು, ದೊಡ್ಡ ನಗು. ಕೊಂಬೆಯನ್ನು ಹೆಗಲ ಮೇಲೆ ಹೊತ್ತು, ವಾಲಗದವರನ್ನು ಮುಂದಿಟ್ಟುಕೊಂಡು ಬಂದರು. ಬಂದವರು ನೆಲ ನೋಡಿ ನಿಂತರು. ಬೀದಿಗೆ ಕಾಂಕ್ರೀಟು ಬಿದ್ದಿದೆ, ಗುಂಡಿ ತೋಡುವುದೆಲ್ಲಿ? ಶಾಮಿಯಾನದವನಿಗೆ ಇದು ಹೊಸದೇನಲ್ಲ. ಎಣ್ಣೆಯ ದೊಡ್ಡ ತಗಡಿನ ಡಬ್ಬವೊಂದಕ್ಕೆ ಮಣ್ಣು ತುಂಬಿ ಆಗಲೇ ತಯಾರಿಟ್ಟಿದ್ದ. ಡಬ್ಬವನ್ನು ಬೀದಿಯ ನಡುವೆ ಇಟ್ಟು ಅದರಲ್ಲೇ ಹಾಲುಗಂಬ ನೆಟ್ಟರು. ಹೆಂಗಸರು ಹಾಲೆರೆದರು. ಹುಡುಗಿಯ ಸೋದರತ್ತೆಯಾಗಿ ಆರತಿ ಎತ್ತಿದವಳು ನಾನೇ.

ಆ ಬೆಳಿಗ್ಗೆ ಓಮ್ನಿಯ ಸದ್ದಾಗಲಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ. ಅವ್ವ ಹಿಂದಿನ ರಾತ್ರಿ ಮಲಗಿಯೇ ಇರಲಿಲ್ಲ; ಅವಳನ್ನು ಏಳಿಸಲು ಸದ್ದು ಬೇಕಿರಲಿಲ್ಲ.

ಹಾಲುಗಂಬ ಮುಗಿದ ಮೇಲೆ ಬೀದಿಯ ಮನೆಮನೆಗೂ ಹೋಗಿ ಅರಿಶಿನ ಕುಂಕುಮ ಕೊಟ್ಟು ಚಪ್ಪರದೂಟಕ್ಕೂ ಸಂಜೆಯ ಅರಿಶಿನದ ಶಾಸ್ತ್ರಕ್ಕೂ ಕರೆಯಬೇಕು. ಲಗ್ನಪತ್ರಿಕೆ ಕೊಟ್ಟಾಗಿದ್ದರೂ ಸರಿ, ಆ ದಿನ ಮತ್ತೆ ಕರೆಯದಿದ್ದರೆ ಕರೆದ ಹಾಗಲ್ಲ. ಅವ್ವ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಕೊನೆಮನೆಯಿಂದಲೇ ಶುರುಮಾಡಿದೆ.

ಮಾವ ನಡುಮನೆಯಲ್ಲಿ ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಕೂತಿದ್ದರು. ಪಾದಗಳು ಊದಿದ್ದವು. ಅತ್ತೆ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆಯಿಂದ ಅವರ ತುಟಿ ಒರೆಸುತ್ತಿದ್ದರು. ಮಾವನಿಗೆ ನೀರು ಅಳತೆಯಲ್ಲಿ ಮಾತ್ರ. ಡಯಾಲಿಸಿಸ್ ತಪ್ಪಿದರೆ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಕೊನೆಗೆ ಉಸಿರಿಗೇ ಬರುತ್ತದೆ ಎಂದು ಅತ್ತೆಯೇ ಹಿಂದೊಮ್ಮೆ ನನಗೆ ಹೇಳಿದ್ದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ನೋಡುವ ಅಗತ್ಯವೇನಿರಲಿಲ್ಲ.

"ಇವತ್ತು ಹೋಗಿಲ್ವಾ ಮಾವ?"

"ಇವತ್ತು ರಜಾ ಆಕ್ಬುಟ್ಟೆ ಕಣವ್ವ. ಸರ್ವೀಸಲ್ಲಿ ಇದ್ದಾಗ ಒಂದಿನ ರಜಾ ಕೊಡ್ತಿರ್ಲಿಲ್ಲ ನನ್ಮಕ್ಳು. ಈಗ ನಾನೇ ತಕ್ಕಂಡೆ."

"ಡಾಕ್ಟರು ಒಪ್ಪಿದರಾ?"

ಅತ್ತೆ ಬಟ್ಟೆಯನ್ನು ಹಿಂಡುತ್ತಾ ಹೇಳಿದರು: "ಡಾಕ್ಟ್ರುನ್ನ ಎಲ್ಲಿ ಕೇಳವ್ರೆ. ರಾತ್ರಿ ಡ್ರೈವರ್ರಿಗೆ ಫೋನ್ ಮಾಡಿ ಬರಬ್ಯಾಡ ಅಂದ್ಬುಟ್ರು. ಮಂಗಳವಾರಕ್ಕೆ ಓದ್ರಾಯ್ತು ಅಂತಾರೆ."

"ಅತ್ತೆ, ಮಂಗಳವಾರದವರೆಗೆ..."

"ನಂಗೊತ್ತಿಲ್ವಾ ಮಗ? ಚಪ್ರದ ಒಳಗೇ ನಡೆಸ್ಕಂಡು ಓಗಿ ರೋಡಲ್ಲಿ ಕಾರು ಅತ್ತುಸ್ತೀನಿ ಅಂದೆ. ಅದ್ಕೂ ಬ್ಯಾಡ ಅಂತಾರೆ."

"ಅಲ್ಲಿ ಹಾಲುಗಂಬ ತರೋ ಒತ್ನಲ್ಲಿ, ಮುತ್ತೈದೆರು ಎದುರು ಬರೋ ಒತ್ನಲ್ಲಿ, ನಾನು ಆಸ್ಪತ್ರೆಗೆ ಓಗೋ ಮುಖ ತಕ್ಕಂಡು ಅಡ್ಡ ಓಗ್ಲಾ?" ಎಂದರು ಮಾವ. ಮಾತಿನ ನಡುವೆ ಉಸಿರು ತೆಗೆದುಕೊಳ್ಳುತ್ತಿದ್ದರು. "ನಾನು ಎತ್ತಿ ಆಡ್ಸಿದ ಕೂಸು ಕಣವ್ವ ಅದು. ನಿಮ್ಮವ್ವಂಗೆ ಯೋಳಿದ್ರೆ ನೋಡು ಮತ್ತೆ, ನಾನು ಮಾತಾಡ್ಸಕಿಲ್ಲ."

ನಾನು ಕುಂಕುಮ ಕೊಟ್ಟು, ಸಂಜೆ ಬರಬೇಕು ಎಂದು ಹೇಳಿ ಹೊರಗೆ ಬಂದೆ. ಉಳಿದ ಮನೆಗಳನ್ನು ಬಿಟ್ಟು ನೇರ ನಮ್ಮ ಮನೆಗೆ ಹೋದೆ.

ಅವ್ವ ಒಳಕೋಣೆಯಲ್ಲಿ ತಾಂಬೂಲಕ್ಕೆ ಎಲೆ ಜೋಡಿಸುತ್ತಿದ್ದಳು. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಅವಳು ಎಲೆಯನ್ನು ಕೈಯಲ್ಲಿ ಹಿಡಿದೇ ಕೇಳಿದಳು. "ಇವತ್ತು ಶುಕ್ರವಾರ" ಎಂದಳು. ಮತ್ತೆ, "ಇವತ್ತು ಶುಕ್ರವಾರ ಅಲ್ವಾ" ಎಂದಳು. ಎದ್ದು ಚಪ್ಪರಕ್ಕೆ ಬಂದಳು.

ಬೆಂಚು ಎತ್ತಬಹುದು. ಕಮಾನು ಬಿಚ್ಚಬಹುದು. ಅಡುಗೆಯವರು ಗೊಣಗಿದರೂ ಒಲೆಯನ್ನು ಬದಿಗೆ ಸರಿಸಿಯಾರು. ಬೀದಿಯ ನಡುವೆ ಹಾಲು ಅರಿಶಿನ ಮೆತ್ತಿಕೊಂಡು ನಿಂತಿದ್ದ ಹಾಲುಗಂಬವೇ ತೊಡಕು. ಅದರ ಪಕ್ಕದಿಂದ ಕಾರು ಹೋಗಲು ಜಾಗವಿರಲಿಲ್ಲ.

ಅವ್ವ ಗಾವಡಗೆರೆಯವರನ್ನು ಕರೆದಳು. "ಇದ ಸ್ವಲ್ಪ ನಮ್ಮ ಬಾಗ್ಲು ಮಗ್ಗುಲಿಗೆ ತಕ್ಕೊಪ್ಪ. ಕಾರು ಬರಬೇಕು."

ಅವರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ನಗು ನಿಂತಿತು. "ಏನತ್ತೆ ನೀವು ಇಂಗಂತೀರಿ? ಬೇರೆ ಯಾರಾದ್ರೂ ಅಂದಿದ್ರೆ ಸರಿ. ನೆಟ್ಟಿದ್ದ ಕೀಳದುಂಟಾ?"

"ಕೀಳು ಅಂದ್ನಾ? ಡಬ್ಬ ಎತ್ತು ಅಂದೆ. ನೆಲಕ್ಕೆ ನೆಟ್ಟಿದ್ರೆ ನಾನೂ ಕೇಳ್ತಿರ್ಲಿಲ್ಲ. ನೀನು ನೆಟ್ಟಿರೋದು ಎಣ್ಣೆ ಡಬ್ಬಕ್ಕೆ ಕಣಪ್ಪ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು. ಗಾವಡಗೆರೆಯವರಿಗೆ ಅವಮಾನವಾಯಿತು. "ಡಬ್ಬ ಆದ್ರೇನು, ಶಾಸ್ತ್ರ ಶಾಸ್ತ್ರನೇ. ರಾಹುಕಾಲ ಬೇರೆ ಶುರುವಾಯ್ತದೆ ಈಗ."

"ಕೊನೆಮನೆ ಅಣ್ಣ ಉಸ್ರಿಗೆ ಒದ್ದಾಡ್ತಾವ್ನೆ. ರಾಹುಕಾಲದಲ್ಲಿ ಆಸ್ಪತ್ರೆ ಬಾಗ್ಲು ಆಕ್ಕಂಡಿರ್ತಾರಾ?"

"ನಾಳಿಕೆ ಹೆಚ್ಚುಕಮ್ಮಿ ಆದ್ರೆ ಯಾರನ್ನ ಅಂತಾರೆ? ನೆಟ್ಟೋನ್ನ ಅಂತಾರೆ. ಸೋದರಮಾವನೇ ಕಂಬ ಕದಲಿಸ್ದ ಅಂತಾರೆ."

ಆ ಮಾತಿನಲ್ಲಿ ಹಟಕ್ಕಿಂತ ಭಯ ಹೆಚ್ಚಿತ್ತು. ಅವರ ಹಿಂದೆಯೇ ನನ್ನ ತಮ್ಮನ ಹೆಂಡತಿ ನಿಂತಿದ್ದಳು. ಹೊಸ ಸೀರೆ, ಕೈತುಂಬ ಹಸಿರು ಬಳೆ. ಕಣ್ಣು ಹಾಲುಗಂಬದ ಮೇಲೆಯೇ ಇತ್ತು.

ನನ್ನ ಅವ್ವ ಮನೆಯವರನ್ನು ಕೇಳಿ ಕೆಲಸ ಮಾಡಿದವಳಲ್ಲ. ಯಾವ ಹಬ್ಬಕ್ಕೆ ಯಾವ ಅಡುಗೆ ಎಂಬುದರಿಂದ ಹಿಡಿದು ಎಲ್ಲವನ್ನೂ ತಾನೇ ತೀರ್ಮಾನಿಸಿ ಹೇಳುತ್ತಿದ್ದಳು, ನಾವು ಕೇಳುತ್ತಿದ್ದೆವು. ಈಗ ಅವಳು ಗಾವಡಗೆರೆಯವರನ್ನು ದಾಟಿ ಸೊಸೆಯ ಮುಂದೆ ಹೋಗಿ ನಿಂತಳು.

"ಮಗಳು ನಿಂದು. ಎದೆ ಅಳುಕೋದೂ ನಿಂದೇ. ನೀನು ಬ್ಯಾಡ ಅಂದ್ರೆ ನಾನು ಇನ್ನೊಂದು ಮಾತಾಡಕಿಲ್ಲ. ಅಣ್ಣನ್ನ ಕುರ್ಚಿ ಮೇಲೆ ಕೂರ್ಸ್ಕಂಡು ಹೊರುಸ್ತೀನಿ, ಏನಾದ್ರೂ ಮಾಡ್ತೀನಿ. ನೀನು ಯೋಳವ್ವ, ಏನು ಮಾಡಾನ?"

ಅವ್ವ ತನ್ನನ್ನು ಕೇಳುತ್ತಿದ್ದಾಳೆ ಎಂಬುದು ಸೊಸೆಗೆ ತಕ್ಷಣ ಅರ್ಥವಾಗಲಿಲ್ಲ. ಗಂಡನ ಕಡೆ ನೋಡಿದಳು. ನನ್ನ ತಮ್ಮ ನೆಲ ನೋಡುತ್ತಿದ್ದ. ಸೆರಗಿನಿಂದ ಕತ್ತು ಒರೆಸಿಕೊಂಡಳು.

"ನಂಗೆ ಭಯ ಆಯ್ತದೆ ಅತ್ತೆ" ಎಂದಳು.

"ಆಗ್ಲೇಬೇಕು ಕಣವ್ವ."

ವಾಲಗದವನೊಬ್ಬ ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದನ್ನೂ ನಿಲ್ಲಿಸಿದ್ದ. ಆಮೇಲೆ ಅವಳು ಅಣ್ಣನಿಗೆ ಹೇಳಿದಳು: "ಅವ್ರು ಅಲ್ಲಿ ಉಸ್ರಿಗೆ ಒದ್ದಾಡ್ತಿದ್ರೆ ಇಲ್ಲಿ ಅರಿಶಿನ ಹಚ್ಚುಸ್ಕಳಕೆ ನನ್ನ ಮಗಳೇ ಒಪ್ಪಕಿಲ್ಲ. ಎತ್ತಣ್ಣ. ನೀನೇ ನೆಟ್ಟಿದ್ದೀಯ, ನೀನೇ ಎತ್ತು. ಬೇರೆಯೋರು ಮುಟ್ಟದು ಬ್ಯಾಡ."

ಗಾವಡಗೆರೆಯವರು ಒಂದು ಕ್ಷಣ ನಿಂತರು. ಚಪ್ಪಲಿ ಬಿಟ್ಟರು. ಟವೆಲನ್ನು ಸೊಂಟಕ್ಕೆ ಬಿಗಿದು ಕೈಮುಗಿದು ಡಬ್ಬವನ್ನು ತಬ್ಬಿ ಹಿಡಿದರು. ಒದ್ದೆ ಮಣ್ಣಿನ ಭಾರಕ್ಕೆ ಅವರ ಕುತ್ತಿಗೆಯ ನರ ಉಬ್ಬಿದವು. ಯಾರೋ ಕೈಹಾಕಲು ಬಂದರೆ, "ಲೇ, ದೂರ ನಿಂತ್ಕಳ್ಲಾ" ಎಂದು ಗದರಿದರು. ಕೊಂಬೆಯ ಒಂದೆಲೆಯೂ ಉದುರದ ಹಾಗೆ ಒಬ್ಬರೇ ಎತ್ತಿ ತಂದು ನಮ್ಮ ಬಾಗಿಲ ಮುಂದಿನ ಚರಂಡಿಯ ಕಲ್ಲಿನ ಮೇಲೆ ಇಟ್ಟರು. ತಮ್ಮನ ಹೆಂಡತಿ ಒಳಗೆ ಓಡಿ ಹೋಗಿ ಹಾಲು ತಂದು ಮತ್ತೊಮ್ಮೆ ಎರೆದಳು.

ಅಷ್ಟರಲ್ಲಿ ನಾನು ಡ್ರೈವರಿಗೆ ಫೋನು ಮಾಡಿದ್ದೆ, ಆಸ್ಪತ್ರೆಗೂ ಮಾಡಿದ್ದೆ. ಬೆಳಗಿನ ಸರದಿ ಮುಗಿದಿದೆ, ಮಧ್ಯಾಹ್ನದ್ದರಲ್ಲಿ ಒಂದು ಹಾಸಿಗೆ ಖಾಲಿ ಇದೆ, ತಡಮಾಡದೆ ಬನ್ನಿ ಎಂದರು. ಅವ್ವ ಕೊನೆಮನೆಗೆ ನಡೆದಳು. ನಾನೂ ಹಿಂದೆ ಹೋದೆ. ಅವಳು ಬಾಗಿಲಲ್ಲೇ ಶುರುಮಾಡಿದಳು.

"ಏನಣ್ಣ, ನನ್ನ ಮೊಮ್ಮಗಳ ಮದ್ವೇಲಿ ನನ್ನ ತಲೆ ಮೇಲೆ ಈ ಪಾಪ ಹೊರಿಸ್ಬೇಕು ಅಂತಿದ್ಯಾ?"

ಮಾವ ನನ್ನನ್ನು ನೋಡಿ, "ಪೇಪರ್ನೋರ್ಗೆ ಯೋಳದೂ ಒಂದೇ, ಟಾಂ ಟಾಂ ಒಡ್ಸದೂ ಒಂದೇ" ಎಂದರು.

"ಅವಳನ್ನೇನಂತೀಯ? ದಾರಿ ಬುಟ್ಟು ಚಪ್ರ ಆಕಮ್ಮಿ ಅಂತ ಒಂದು ಮಾತು ನೀನು ಯೋಳಕಾಗ್ಲಿಲ್ವಾ?"

"ಶುಭಕಾರ್ಯಕ್ಕೆ ನಾನು ಅಡ್ಡ ಬರ್ಲಾ?"

"ಅಡ್ಡ ಬಂದಿರೋದು ನಾವು ಕಣಣ್ಣ" ಎಂದಳು ಅವ್ವ. ಅತ್ತೆಯ ಕಡೆ ತಿರುಗಿ ಜೋರಾಗಿ, "ಅತ್ತಿಗೆ, ನೀವಾದ್ರೂ ಬಂದು ನಮ್ಮ ಬಾಗ್ಲಲ್ಲಿ ನಿಂತು ಬಯ್ಯದಲ್ವಾ?" ಎಂದಳು. ಅತ್ತೆ ಆಗಲೇ ಗೋಡೆಯ ಮೊಳೆಯಿಂದ ಆಸ್ಪತ್ರೆಯ ಚೀಲ ಇಳಿಸಿಕೊಂಡಿದ್ದರು. ರಾತ್ರಿಯೇ ಎಲ್ಲ ತುಂಬಿಟ್ಟಿದ್ದ ಚೀಲ ಅದು.

ಓಮ್ನಿ ಚಪ್ಪರದೊಳಗೆ ಬಂದಾಗ ಬೆಂಚು ಕುರ್ಚಿಗಳೆಲ್ಲ ಗೋಡೆಗೆ ಸೇರಿದ್ದವು. ಅಡುಗೆಯವನು ಪಾಯಸದ ಕೊಪ್ಪರಿಗೆಯನ್ನು ಕಾಲಿನಿಂದ ತಡೆದು ನಿಂತಿದ್ದ. ಹೊಂಗೆಸೊಪ್ಪು ಕಾರಿನ ಮೇಲ್ಛಾವಣಿಯನ್ನು ಸವರಿತು, ಒಂದಿಷ್ಟು ಎಲೆ ಗಾಜಿನ ಮೇಲೆ ಬಿದ್ದವು. ಹೊರಟಾಗ ಮಾವ ಕಿಟಕಿಯಿಂದ ತಲೆ ಹೊರಹಾಕಿ ಎರಡೂ ಬದಿ ನೋಡಿಕೊಂಡು ಹಳೆಯ ಅಭ್ಯಾಸದಂತೆ, "ಬರ್ಲಿ ಬರ್ಲಿ... ಎಡಕ್ಕೆ... ರೈಟ್" ಎನ್ನುತ್ತಿದ್ದರು. ಗಾವಡಗೆರೆಯವರು ಕಾರಿನ ಮುಂದೆ ಹಿಮ್ಮುಖವಾಗಿ ನಡೆಯುತ್ತಾ ದಾರಿ ತೋರಿಸಿದರು. ಅಂಗಳದಿಂದ ಬೀದಿಯವರೆಗೆ ಹುಡುಗಿಯರು ಬಿಡಿಸಿದ್ದ ರಂಗೋಲಿಯ ಮೇಲೆ ಚಕ್ರ ಹಾದುಹೋಯಿತು.

ಮಧ್ಯಾಹ್ನದ ಊಟ ನಡೆಯಿತು. ನಾಲ್ಕರ ಹೊತ್ತಿಗೆ ಅರಿಶಿನದ ಶಾಸ್ತ್ರವೆಂದು ಮೊದಲು ಹೇಳಿದ್ದು. ಹೆಂಗಸರು ಬಂದು ಕೂತರು. ಹುಡುಗಿಯನ್ನು ಕರೆತರಲು ಹೋದವರಿಗೆ ಅವ್ವ, "ಇರಲಿ, ಕಾರು ಬರಲಿ" ಎಂದಳು. ಯಾರೋ ಒಬ್ಬರು ಗೋಧೂಳಿ ಮೀರುತ್ತದೆ ಎಂದರು. "ಬರಲಿ" ಎಂದಳು ಅಷ್ಟೇ. ತಾನು ಚರಂಡಿಯ ಕಲ್ಲಿನ ಮೇಲೆ, ಹಾಲುಗಂಬದ ಪಕ್ಕ ಕೂತಳು. ತಮ್ಮನ ಹೆಂಡತಿ ಎರಡು ಸಲ ಬಂದು, ಫೋನು ಬಂತಾ ಎಂದು ನನ್ನನ್ನು ಕೇಳಿದಳು. ಮೊದಲ ಸಲ ಇನ್ನೂ ಮಿಷನ್ನಿನಲ್ಲಿದ್ದಾರೆ ಎಂದೆ. ಎರಡನೆಯ ಸಲ, ಮುಗಿಯಿತಂತೆ, ಹೊರಟರಂತೆ ಎಂದೆ. ಅವಳು ಅಲ್ಲೇ ಶಾಮಿಯಾನದ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಒಳಗೆ ಹೋಗಿ ಮಗಳಿಗೆ ಹೂ ಮುಡಿಸಲು ಶುರುಮಾಡಿದಳು.

ದೀಪ ಹಾಕುವ ಹೊತ್ತಿಗೆ ಓಮ್ನಿ ಬೀದಿಗೆ ತಿರುಗಿತು. ಹೆಂಗಸರು ತಟ್ಟೆಗಳನ್ನು ಎತ್ತಿಕೊಂಡು ಎದ್ದು ಎರಡು ಸಾಲಾಗಿ ಸರಿದು ನಿಂತರು. ಯಾರೂ ಅವರಿಗೆ ಹೇಳಿರಲಿಲ್ಲ. ಕಾರು ಚಪ್ಪರದ ನಡುವೆ ಬಂದು ನಿಂತಿತು. ಮಾವ ಇಳಿಯುವ ಸ್ಥಿತಿಯಲ್ಲಿರಲಿಲ್ಲ. ಮುಖ ಬಿಳಿಚಿತ್ತು, ಎಡಗೈಗೆ ಪಟ್ಟಿ ಸುತ್ತಿತ್ತು. ಆದರೆ ಉಸಿರು ಸಲೀಸಾಗಿ ಆಡುತ್ತಿತ್ತು. ಹುಡುಗಿ ಒಳಗಿನಿಂದ ತಾನೇ ಬಂದು ಕಾರಿನ ಬಾಗಿಲ ಹತ್ತಿರ ತಲೆ ಬಗ್ಗಿಸಿ ನಿಂತಳು. ಅತ್ತೆ ಗಂಡನ ಬಲಗೈಗೆ ಅಕ್ಷತೆ ಕೊಟ್ಟರು. ಕೈ ಪೂರ್ತಿ ಮೇಲೇಳಲಿಲ್ಲ. ಅರ್ಧ ಅಕ್ಕಿ ಹುಡುಗಿಯ ತಲೆಯ ಮೇಲೆ, ಅರ್ಧ ಸೀಟಿನ ಮೇಲೆ ಬಿತ್ತು. ಅವರೇನೋ ಹೇಳಿದರು, ವಾಲಗದ ಸದ್ದಿನಲ್ಲಿ ನನಗೆ ಕೇಳಲಿಲ್ಲ. ಹುಡುಗಿ ನಕ್ಕಳು.

ಡ್ರೈವರು ಇಳಿದು ಬಂದು ಶಾಮಿಯಾನವನ್ನೂ ಅವ್ವನನ್ನೂ ನೋಡಿದ. ಮದುವೆ ಮುಗಿದ ಮೇಲೂ ಹಸಿಚಪ್ಪರವನ್ನು ಕೂಡಲೇ ಬಿಚ್ಚುವುದಿಲ್ಲ ಎಂದು ಅವನಿಗೂ ಗೊತ್ತು.

"ಮಂಗಳವಾರನೂ ಇದು ಇಂಗೇ ಇರ್ತದಾ ಅವ್ವ?"

"ಇರ್ತದೆ" ಎಂದಳು ಅವ್ವ. "ಎಷ್ಟೊತ್ಗೆ ಬತ್ತೀಯ ಯೋಳು. ಬೆಂಚು ತೆಗ್ಸಿರ್ತೀನಿ."